ಮನೆ ಕಣ್ಣಿಗೆ, ಹೊಲ ಕಾಲಿಗೆ

ಗುಂತಕಲ್ ಕಡೆಗೆ ಹೊರಟ ರೈಲಿನ ಸದ್ದು ಮಟಮಾರಿ ದಾಟಿ ಸಣ್ಣಗಾಗುತ್ತಿದ್ದಂತೆ ಬೇವಿನ ಮರದ ಗುಬ್ಬಿಗಳ ಚಿಲಿಪಿಲಿ ಮತ್ತೆ ಕಿವಿಗೆ ಬೀಳುತ್ತದೆ. ಏಪ್ರಿಲ್ ಬೆಳಗಿನ ಏಳು ಗಂಟೆಗೇ ಬಿಸಿಲು ಬೆನ್ನಿಗೆ ಚುರುಕು ಮುಟ್ಟಿಸುತ್ತಿದೆ. ಕಾಲಡಿಯಲ್ಲಿ ಎರೆಹೊಲ, ಹತ್ತಿಕಟ್ಟಿಗೆ ಕಿತ್ತ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿದ ಕಪ್ಪು ನೆಲ.

ರಾಯಚೂರಿನಿಂದ ಬಂದ ಗಂಡ ಹೆಂಡತಿ ಹೊಲದೊಳಗಿನ ಮನೆ ನೋಡುತ್ತಿದ್ದಾರೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು, ಪಡಸಾಲೆಯಲ್ಲಿ ಜೋಳದ ಚೀಲಗಳ ವಾಸನೆ, ಮೂಲೆಯಲ್ಲಿ ಒಣಮೆಣಸಿನಕಾಯಿಯ ಘಾಟು. ಆಕೆಗೆ ಆಗಲೇ ಮನೆ ಹಿಡಿಸಿಬಿಟ್ಟಿದೆ. ಮಾರುವ ತಾತ ಮಾತ್ರ ಟವೆಲ್ ಕೊಡವಿ ಎದ್ದರು.

"ಮನಿ ಒಂದು ತಾಸಿನಾಗ ನೋಡಿ ಮುಗೀತೈತಿ ತಂಗಿ. ಹೊಲ ನಡದು ನೋಡಬೇಕು, ಬರ್ರಿ."

ನಾವೂ ಹಿಂದೆ ನಡೆದೆವು. ಮೊದಲು ಅವರು ತೋರಿಸಿದ್ದು ಮನೆಯ ಬೆನ್ನಿಗೆ ಈಚೆಗೆ ಕಟ್ಟಿದ ಕೋಣೆಯ ಸೀಳನ್ನು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪಾಯ ಗರಸು ಮುಟ್ಟದಿದ್ದರೆ ಗೋಡೆಯೂ ಅದರ ಜೊತೆ ಏಳುತ್ತದೆ, ಕೂರುತ್ತದೆ. ಹಳೆಯ ಮನೆಯ ಪಾಯ ಗರಸಿನ ಮೇಲಿದೆ, ಅದಕ್ಕೇ ನೆಟ್ಟಗಿದೆ. ಬೋರ್‌ವೆಲ್ ಹತ್ತಿರ ನಿಂತು ನೀರನ್ನು ಪರೀಕ್ಷೆ ಮಾಡಿಸಲು ಹೇಳಿದರು. ಈ ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ನೋಡಲು ತಿಳಿಯಾದ ನೀರೇ ಮಕ್ಕಳ ಹಲ್ಲಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಕೃಷ್ಣೆ, ತುಂಗಭದ್ರೆಯರ ನಡುವಿನ ನಾಡಾದರೂ ಎರಡು ಹೊಳೆಯ ನೀರು ಎಲ್ಲರ ಹೊಲಕ್ಕೂ ಬರುವುದಿಲ್ಲ.

ಬದುವಿನ ಮೇಲೆ ಸಾಗುತ್ತ ತಾತ ಮುಳ್ಳುಕಂಟಿ ಸರಿಸಿ ಬಾಂದುಕಲ್ಲು ತೋರಿಸಿದರು. ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲದ ತುಂಡು ಒಂದು ಗುಂಟೆ, ಅಂಥ 40 ಕೂಡಿದರೆ ಎಕರೆ ಎಂಬ ಲೆಕ್ಕ ಅವರ ಹೆಜ್ಜೆಯಲ್ಲೇ ಇದೆ. ಒಕ್ಕಲುತನ ಇಲ್ಲದವರು ಹೊಲ ಕೊಳ್ಳಲು 1961ರ ಭೂಸುಧಾರಣಾ ಕಾಯ್ದೆಯಲ್ಲಿದ್ದ ತಡೆ 2020ರ ತಿದ್ದುಪಡಿಯಿಂದ ಹೋಯಿತು. ಪೇಟೆಯವರು ಹೀಗೆ ಬದು ಹತ್ತುವುದು ಸುಲಭವಾಯಿತು. ಆದರೆ ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ಎಂದು ಓದುವ ಕೆಲಸ ತಪ್ಪಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಬಂಡಿ ಹೋಗುವ ಹಾದಿ ನಕಾಶೆಯಲ್ಲಿದೆಯೋ, ನೆರೆಯವರ ಸಲಿಗೆಯಲ್ಲಿದೆಯೋ ಎಂಬುದನ್ನೂ ಕೇಳಬೇಕು. ಸಲಿಗೆಯ ಹಾದಿ ಒಂದು ಜಗಳಕ್ಕೆ ಮುಚ್ಚಿಹೋಗುತ್ತದೆ.

ಗಂಡ ಜೇಬಿನಿಂದ ಮುಂಗಡದ ಹಣ ತೆಗೆದರು. ತಾತ ಕೈ ಚಾಚಲಿಲ್ಲ.

"ಈಗ ಬ್ಯಾಡ್ರಿ. ದೊಡ್ಡ ಮಳಿ ಬಿದ್ದ ಮರುದಿನ ಬರ್ರಿ. ಇದೇ ಹಾದಿಯಾಗ ನಡದು ಮನಿ ಮುಟ್ಟಿದ ಮ್ಯಾಲೂ ಬೇಕು ಅನಿಸಿದ್ರ, ಕುಂತು ಮಾತಾಡೋಣು."

ಹೊರಡುವ ಮುನ್ನ ಆಕೆ ಹೊಲದ ಒಂದು ಹೆಂಟೆ ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದಳು. ಕಲ್ಲಿನಂತಿದ್ದ ಮಣ್ಣು ಮೆಲ್ಲಗೆ ಸಡಿಲಿ, ಕರಿಬೆಣ್ಣೆಯಂತಾಗಿ ಬೆರಳಿಗೆ ಅಂಟಿತು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದೇ ಇತ್ತು.