ಹಳೆಯ ಮಾರಿಸ್ಸಿಗೆ ಹೊಸ ಸಾಕೆಟ್ಟು

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲಬಾರಿಗೆ ಜನರ ಕಣ್ಣಿಗೆ ಬಿದ್ದ ಮಾರಿಸ್ ಮೈನರ್ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್, ಅದರ ಬ್ಯಾಟರಿಗೆ ಒಪ್ಪಿಸಿದ್ದ ಕೆಲಸಗಳು ಬೆರಳೆಣಿಕೆಯಷ್ಟು: ಎಂಜಿನ್ನನ್ನು ಎಬ್ಬಿಸುವುದು, ದೀಪ ಬೆಳಗಿಸುವುದು, ಹಾರನ್ನು ಕೂಗಿಸುವುದು, ಮಳೆ ಬಂದರೆ ಗಾಜನ್ನು ಒರೆಸುವುದು, ತಿರುವು ಬಂದಾಗ ಬಾಗಿಲ ಮಗ್ಗುಲಿನಿಂದ ಪುಟ್ಟದೊಂದು ದೀಪದ ತೋಳನ್ನು ಹೊರಚಾಚುವುದು. ಅಂಥ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಇಂದು ದೂರಪ್ರಯಾಣಕ್ಕೆ ಹೊರಟರೆ, ದಾರಿ ತೋರಿಸುವ ಮೊಬೈಲಿಗೆ ನಡುದಾರಿಯಲ್ಲಿ ಚಾರ್ಜು ಬೇಕಾಗುತ್ತದೆ. ಈ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಾರಿನ ವಿದ್ಯುದ್ವ್ಯವಸ್ಥೆಯನ್ನು ಅರಿತುಕೊಳ್ಳದೆ ಅದಕ್ಕೆ ಕೈಹಚ್ಚುವುದು ಮಾತ್ರ ಕೂಡದು.

ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವವು ಕಾರಿನ ಉಕ್ಕಿನ ಮೈಗೆ ಸೇರಿರುತ್ತದೆ. ಮೈನರಿನಲ್ಲಾದರೋ, ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿರುವಂತೆ, ಮೈಗೆ ಸೇರಿರುವುದು ಧನಧ್ರುವ. ಚಾರ್ಜರನ್ನು ಚುಚ್ಚುವ ಸಾಕೆಟ್ಟಿನ ಸಂಪ್ರದಾಯವೋ ಬೇರೆ: ಅದರ ನಡುವಿನ ಗುಂಡಿ ಧನ, ಸುತ್ತಲಿನ ಲೋಹದ ಕವಚ ಋಣ. ಹೊಸ ಕಾರಿನ ರೂಢಿಯಂತೆ ಕವಚವನ್ನು ಮೈಗೂ ನಡುಗುಂಡಿಯನ್ನು ತಂತಿಗೂ ಸೇರಿಸಿದರೆ ಪ್ರವಾಹವು ತಲೆಕೆಳಗಾಗಿ ಹರಿಯುತ್ತದೆ. ನನ್ನ ಮಿತ್ರರೊಬ್ಬರ ಕಾರಿನಲ್ಲಿ ಹೀಗೆಯೇ ಆಯಿತು. ಚಾರ್ಜರಿನ ನೀಲಿ ದೀಪ ಹೊತ್ತುವುದಕ್ಕೆ ಮೊದಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕಾರನ್ನೆಲ್ಲ ತುಂಬಿತು.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಮೊದಲು ಬ್ಯಾಟರಿಯ ಸಂಪರ್ಕವನ್ನು ಬಿಚ್ಚತಕ್ಕದ್ದು. ಈ ಕಾರಿನ ವಿದ್ಯುತ್ ಸಾಮಗ್ರಿಯನ್ನು ಒದಗಿಸಿದ ಲ್ಯೂಕಾಸ್ ಕಂಪನಿಯ ಪದ್ಧತಿಯ ತಂತಿಗಳಲ್ಲಿ ಬಣ್ಣವೇ ಭಾಷೆ: ಕಂದು ಎಂದರೆ ಬ್ಯಾಟರಿಯಿಂದ ನೇರವಾಗಿ ಬಂದದ್ದು, ಬಿಳಿ ಎಂದರೆ ಇಗ್ನಿಷನ್ ಕೀಲಿಯನ್ನು ದಾಟಿದ್ದು, ಹಸಿರು ಎಂದರೆ ಕೀಲಿಯನ್ನೂ ಫ್ಯೂಸನ್ನೂ ದಾಟಿದ್ದು, ಕಪ್ಪು ಎಂದರೆ ಕಾರಿನ ಮೈ. ನಮಗೆ ಬೇಕಾದದ್ದು ಹಸಿರು. ಆದರೆ ಬ್ರೇಕಿನ ದೀಪವೂ ವೈಪರೂ ಅದೇ ಹಸಿರನ್ನು ನಂಬಿಕೊಂಡಿರುವುದರಿಂದ, ನಾವು ಎಳೆಯುವ ಕವಲಿಗೆ ಅದರ ಮೂಲದಲ್ಲಿಯೇ 5 ಆಂಪಿಯರಿನ ಪ್ರತ್ಯೇಕ ಫ್ಯೂಸೊಂದನ್ನು ಇಡಬೇಕು. ಕಾರಿನ ಮೂಲ ಫ್ಯೂಸು 35 ಆಂಪಿಯರಿನದು, ಅದು ಕರಗುವ ಹೊತ್ತಿಗೆ ನಮ್ಮ ಸಣ್ಣ ತಂತಿ ಹೊತ್ತಿ ಉರಿದೀತು. ಈ ಕಾರಿನಲ್ಲಿ ಹಸಿರು ತಂತಿ ಋಣವಾದುದರಿಂದ ಅದು ಸಾಕೆಟ್ಟಿನ ಕವಚಕ್ಕೆ ಹೋಗಬೇಕು, ನಡುಗುಂಡಿ ಕಾರಿನ ಮೈಗೆ. ಆಗ ಕೀಲಿ ತಿರುಗಿಸಿದಾಗಲೆಲ್ಲ ಕವಚದಲ್ಲಿ ವಿದ್ಯುತ್ತಿರುವುದರಿಂದ ಅದು ಎಲ್ಲಿಯೂ ಲೋಹವನ್ನು ಮುಟ್ಟಬಾರದು. ಡ್ಯಾಷ್‌ಬೋರ್ಡಿನ ಕೆಳಗೆ ಸಾಮಾನಿಡುವ ಹಲಗೆಯ ಅಡಿಯಲ್ಲಿ, ಕ್ಲಾಂಪಿನಿಂದ ಬಿಗಿದ ಮರದ ತುಂಡಿನಲ್ಲಿ ಸಾಕೆಟ್ಟನ್ನು ಕೂರಿಸಿದರೆ ಈ ಭಯವೂ ಇಲ್ಲ, ತೂತು ಕೊರೆಯುವ ಪಾಪವೂ ಇಲ್ಲ. ಅರುವತ್ತು ವರ್ಷ ಅಖಂಡವಾಗಿ ಉಳಿದ ತಗಡಿಗೆ ಮೊಬೈಲಿನ ಸಲುವಾಗಿ ಗಾಯ ಮಾಡುವುದನ್ನು ನಾನು ಎಂದಿಗೂ ಒಪ್ಪಲಾರೆ. ಮೊಬೈಲಿನ ತಂತಿಯ ತುದಿಯ ಲೋಹವೂ ಕವಚದೊಡನೆ ಸಂಬಂಧವುಳ್ಳದ್ದೇ. ಅದನ್ನು ಬರಿಯ ಲೋಹದ ಮೇಲೆ ಬಿಡಬಾರದು.

ಇನ್ನು ಡೈನಮೋವಿನ ಶಕ್ತಿಯ ಮಾತು. ನಂತರದ ಮೈನರುಗಳಲ್ಲಿರುವ ಸಿ40 ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡಬಲ್ಲದು. ರಾತ್ರಿಯ ದೀಪಗಳೂ ಇಗ್ನಿಷನ್ನೂ ಸೇರಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉಣ್ಣುತ್ತವೆ. ಎರಡು ಮೊಬೈಲುಗಳಿಗೆ ಬೇಕಾಗುವ ಎರಡು ಮೂರು ಆಂಪಿಯರ್ ಅದಕ್ಕೆ ಭಾರವೆನಿಸದು, ಲ್ಯಾಪ್‌ಟಾಪನ್ನು ಮಾತ್ರ ಅದಕ್ಕೆ ಜೋಡಿಸಬಾರದು. ಸಿಗ್ನಲಿನಲ್ಲಿ ಕಾರು ನಿಂತು ಎಂಜಿನ್ ಮಂದಗತಿಯಲ್ಲಿ ಗುನುಗುತ್ತಿರುವಾಗ ಸ್ಪೀಡಾಮೀಟರಿನಲ್ಲಿ ಕೆಂಪು ದೀಪವೊಂದು ಮಿನುಗುವುದುಂಟು. ಡೈನಮೋ ಆಗ ಏನನ್ನೂ ಕೊಡುತ್ತಿಲ್ಲ, ಎಲ್ಲವನ್ನೂ ಬ್ಯಾಟರಿಯೇ ಹೊತ್ತಿದೆ ಎಂದು ಅದರ ಅರ್ಥ.

ಧ್ರುವವನ್ನೇ ಬದಲಾಯಿಸಿ, ಸಾಕೆಟ್ಟನ್ನು ಹೊಸ ಕಾರಿನ ರೂಢಿಯಂತೆ ಜೋಡಿಸುವ ಮಾರ್ಗವೂ ಒಂದುಂಟು. ಬ್ಯಾಟರಿಯನ್ನು ತಿರುಗಿಸಿ, ಇಗ್ನಿಷನ್ ಕಾಯಿಲಿನ ಎರಡು ತಂತಿಗಳನ್ನು ಅದಲುಬದಲು ಮಾಡಿ, ಡೈನಮೋವಿನ ಎಫ್ ತುದಿಗೆ ಬ್ಯಾಟರಿಯ ತಂತಿಯನ್ನು ಕ್ಷಣಮಾತ್ರ ಸೋಕಿಸಿದರೆ ಅದರ ಕಾಂತತ್ವ ಹೊಸ ದಿಕ್ಕನ್ನು ಹಿಡಿಯುತ್ತದೆ. ಕಾರಿನಲ್ಲಿ ಹಳೆಯ ರೇಡಿಯೋ ಇದ್ದರೆ ಇದು ಅದಕ್ಕೆ ಮೃತ್ಯು. ಇಲ್ಲವಾದರೆ ನನಗೆ ಇದೇ ಹೆಚ್ಚು ಹಿತವಾದ ಮಾರ್ಗವೆಂದು ತೋರುತ್ತದೆ.

ಯಾವ ಮಾರ್ಗವನ್ನೇ ಹಿಡಿಯಲಿ, ಚಾರ್ಜರನ್ನು ಚುಚ್ಚುವ ಮೊದಲು ವೋಲ್ಟ್‌ಮೀಟರಿನ ಕೆಂಪು ಕಡ್ಡಿಯನ್ನು ನಡುಗುಂಡಿಗೂ ಕಪ್ಪನ್ನು ಕವಚಕ್ಕೂ ಇಟ್ಟು ನೋಡತಕ್ಕದ್ದು; 12 ವೋಲ್ಟಿನ ಅಂಕೆಯ ಮುಂದೆ ಋಣಚಿಹ್ನೆ ಕಂಡರೆ ಚಾರ್ಜರು ಇನ್ನೂ ಜೇಬಿನಲ್ಲಿಯೇ ಇರಲಿ.