ಚಕ್ರ ಬದಲಿಸಿದ ಮೇಲೆ ಹೊತ್ತುವ ಹಳದಿ ದೀಪ
ಟೈರ್ ಒತ್ತಡ ಸೂಚಕದ ಮರುಹೊಂದಿಕೆ: ವಾಹನ ಮಾಲೀಕರು ತಿಳಿದಿರಬೇಕಾದುದು

ವ್ಯಾಪಾರದ ನಿಮಿತ್ತ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡಬೇಕಾದ ವರ್ತಕರೊಬ್ಬರು ಹಿಂದಿನ ಸಂಜೆ ತಮ್ಮ ಕಾರಿನ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದರೆಂದು ಭಾವಿಸೋಣ. ಮನೆ ತಲುಪುವಷ್ಟರಲ್ಲಿ ಸ್ಟಿಯರಿಂಗ್ ಮುಂದಿನ ಫಲಕದಲ್ಲಿ, ಕುದುರೆಲಾಳದಂತಹ ಆಕೃತಿಯೊಳಗೆ ಉದ್ಗಾರ ಚಿಹ್ನೆಯುಳ್ಳ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಟೈರ್ ಅಂಗಡಿಗೆ ದೂರವಾಣಿ ಮಾಡಿದರೆ "ಏನೂ ಆಗಿಲ್ಲ ಸಾರ್, ಸೆಟ್ ಬಟನ್ ಒತ್ತಿಬಿಡಿ, ಹೋಗುತ್ತೆ" ಎಂಬ ಉತ್ತರ ಬರುತ್ತದೆ. ಅವರು ಗುಂಡಿ ಒತ್ತುತ್ತಾರೆ, ದೀಪ ಆರುತ್ತದೆ. ಒತ್ತುವ ಮುನ್ನ ಟೈರುಗಳಲ್ಲಿ ಎಷ್ಟು ಗಾಳಿ ಇತ್ತೆಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಮರುದಿನ ಸುಮಾರು 400 ಕಿ.ಮೀ. ಹೆದ್ದಾರಿಯಲ್ಲಿ ಆ ಕುಟುಂಬದ ಸುರಕ್ಷತೆ ನಿಂತಿರುವುದು ಆ ನೋಡದ ಅಂಕಿಯ ಮೇಲೆಯೇ.

ಈ ದೀಪ ಕೇವಲ ಅಲಂಕಾರಕ್ಕೆಂದು ಬಂದುದಲ್ಲ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹೆಚ್ಚಾಗಿ ಬಳಕೆಯಾಗಿದ್ದ ಫೈರ್‌ಸ್ಟೋನ್ ಟೈರುಗಳು ಕಿತ್ತುಬಂದು ಸಂಭವಿಸಿದ ಅಪಘಾತಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. 2000ದ ಆಗಸ್ಟ್‌ನಲ್ಲಿ ಆ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ವರ್ಷ ಅಲ್ಲಿ ಜಾರಿಗೆ ಬಂದ ಟ್ರೆಡ್ ಕಾಯ್ದೆಯ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಲಘು ವಾಹನಗಳಿಗೂ ಒತ್ತಡ ಸೂಚಕ ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟ 2014ರ ನವೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಇದನ್ನು ಅನ್ವಯಿಸಿತು. ನಮ್ಮ ದೇಶದಲ್ಲಿ ಇದು ಬೇರೊಂದು ಬಾಗಿಲಿನಿಂದ ಬಂದಿತು: 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ದುರಸ್ತಿ ಸಾಮಗ್ರಿ ಹಾಗೂ ಒತ್ತಡ ಸೂಚಕ ಇರುವ ಕಾರುಗಳು ಸ್ಟೆಪ್ನಿ ಇಲ್ಲದೆಯೂ ರಸ್ತೆಗಿಳಿಯಬಹುದಾಯಿತು.

ಸೂಚಕದಲ್ಲಿ ಎರಡು ಬಗೆ. ಯಾವ ಬಗೆ ತಮ್ಮ ಕಾರಿನಲ್ಲಿದೆ ಎಂಬುದನ್ನು ಮಾಲೀಕರು ಕೈಪಿಡಿ ತೆರೆದು ಮೊದಲು ತಿಳಿಯತಕ್ಕದ್ದು.

ಮೊದಲನೆಯದು ಪರೋಕ್ಷ ಬಗೆ. ಇದರಲ್ಲಿ ಗಾಳಿಯನ್ನು ಅಳೆಯುವ ಯಾವ ಉಪಕರಣವೂ ಟೈರಿನೊಳಗಿಲ್ಲ. ಎಬಿಎಸ್ ಬ್ರೇಕಿಗಾಗಿ ಇರುವ ವೇಗ ಸೆನ್ಸರುಗಳನ್ನೇ ಕಂಪ್ಯೂಟರ್ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ಕೊಂಚ ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ತುಸು ವೇಗವಾಗಿ ಸುತ್ತುತ್ತದೆ; ಆ ವ್ಯತ್ಯಾಸವೇ ಎಚ್ಚರಿಕೆಗೆ ಆಧಾರ. ಚಕ್ರಗಳ ಸ್ಥಾನ ಬದಲಾದಾಗ ಸವೆದ ಟೈರು ಮುಂದಿದ್ದುದು ಹಿಂದೆ ಹೋಗುತ್ತದೆ, ಹಳೆಯ ಲೆಕ್ಕ ತಾಳೆಯಾಗುವುದಿಲ್ಲ, ದೀಪ ಹೊತ್ತುತ್ತದೆ. ಗುಂಡಿ ಒತ್ತುವುದೆಂದರೆ "ಈಗಿರುವ ಸ್ಥಿತಿಯೇ ಸರಿ, ಇದನ್ನೇ ಮಾನದಂಡವಾಗಿಟ್ಟುಕೋ" ಎಂದು ಕಂಪ್ಯೂಟರಿಗೆ ಹೇಳಿದಂತೆ. ದೀಪ ಆರುವುದು ಅದರ ಪರಿಣಾಮವೇ ಹೊರತು ಉದ್ದೇಶವಲ್ಲ.

ವರ್ತಕರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಗೋದಾಮಿನ ಸರಕನ್ನು ಎಣಿಸದೆ ಆರಂಭದ ದಾಸ್ತಾನು ಬರೆದಿಟ್ಟರೆ, ಮುಂದಿನ ಇಡೀ ವರ್ಷದ ಲೆಕ್ಕ ಒಳಗೊಳಗೇ ತಾಳೆಯಾಗುತ್ತ ಹೋಗುತ್ತದೆ, ಆದರೆ ಸುಳ್ಳಾಗಿರುತ್ತದೆ. ಕಾರಿಗೆ ನಿಗದಿಯಾದ ಒತ್ತಡ 33 ಪಿಎಸ್‌ಐ ಎಂದಿಟ್ಟುಕೊಳ್ಳೋಣ. ಅಮೆರಿಕದ ನಿಯಮದಂತೆ ಶೇ. 25ರಷ್ಟು ಇಳಿದಾಗ ಎಚ್ಚರಿಕೆ ಎಂದರೆ ಸುಮಾರು 25 ಪಿಎಸ್‌ಐಗೆ ದೀಪ ಹೊತ್ತಬೇಕು. ನಾಲ್ಕೂ ಟೈರುಗಳು 26ರಲ್ಲಿದ್ದಾಗ ಗುಂಡಿ ಒತ್ತಿದರೆ ಅದೇ ಶೇಕಡಾವಾರಿನಂತೆ ಎಚ್ಚರಿಕೆಯ ಮಟ್ಟ 19.5ಕ್ಕೆ ಕುಸಿಯುತ್ತದೆ. ಕಡಿಮೆ ಗಾಳಿಯ ಟೈರಿನ ಪಕ್ಕಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಬಿಸಿಯೇರುತ್ತದೆ. ತುಂಬಿದ ಕಾರು, ಏಪ್ರಿಲ್ ತಿಂಗಳ ಬಿಸಿಲು, ಹೆದ್ದಾರಿಯ ವೇಗ ಮೂರೂ ಕೂಡಿದರೆ ಟೈರು ಸಿಡಿಯಲು ಬೇರೇನೂ ಬೇಕಿಲ್ಲ. ಅಲ್ಲಿಯವರೆಗೂ ಫಲಕ ಮಾತ್ರ ನಿರ್ಮಲವಾಗಿರುತ್ತದೆ!

ಆದ್ದರಿಂದ ಮೊದಲು ಗಾಳಿ, ಆಮೇಲೆ ಗುಂಡಿ. ಒತ್ತಡವನ್ನು ಟೈರು ತಣ್ಣಗಿರುವಾಗ ಅಳೆಯಬೇಕು, ಅಂದರೆ ವಾಹನ ಕನಿಷ್ಠ ಮೂರು ಗಂಟೆ ನಿಂತಿರಬೇಕು. ಓಡಿ ಬಂದ ಟೈರಿನಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ ಹೆಚ್ಚು ತೋರುವುದು ಸಹಜ. ಅದನ್ನು ಕಂಡು ಗಾಳಿ ಬಿಟ್ಟು 33ಕ್ಕೆ ಇಳಿಸಿದರೆ ಬೆಳಗಾಗುವಾಗ ಅದು 28 ಆಗಿರುತ್ತದೆ. ನಿಗದಿತ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ಅನುಸರಿಸಬಾರದು. ಅನಂತರ ವಾಹನ ನಿಂತಿರುವಾಗಲೇ ಇಗ್ನಿಷನ್ ಹಾಕಿ, ದೀಪ ಮಿನುಗುವವರೆಗೆ ಗುಂಡಿಯನ್ನು ಒತ್ತಿಹಿಡಿಯಬೇಕು. ಗುಂಡಿಯಿಲ್ಲದ ಕಾರುಗಳಲ್ಲಿ ಈ ಆಯ್ಕೆ ಪರದೆಯ ವಾಹನ ಸೆಟ್ಟಿಂಗ್ಸ್‌ನಲ್ಲಿ ಅಡಗಿರುತ್ತದೆ. ಅಷ್ಟಕ್ಕೇ ಕೆಲಸ ಮುಗಿಯದು. ಹೊಸ ಮಾನದಂಡವನ್ನು ಕಲಿಯಲು ಕಂಪ್ಯೂಟರಿಗೆ ಕೆಲಕಾಲದ ಓಡಾಟ ಬೇಕು. ಎಷ್ಟೆಂಬುದು ಕಾರಿನಿಂದ ಕಾರಿಗೆ ಬೇರೆ.

ಎರಡನೆಯದು ನೇರ ಬಗೆ. ಪ್ರತಿ ಚಕ್ರದೊಳಗೆ ಗಾಳಿ ತುಂಬುವ ವಾಲ್ವಿಗೆ ಅಂಟಿಕೊಂಡ, ಬ್ಯಾಟರಿಯುಳ್ಳ ಸೆನ್ಸರು ಒತ್ತಡವನ್ನು ಅಳೆದು ರೇಡಿಯೋ ಮೂಲಕ ತಿಳಿಸುತ್ತದೆ. ಪ್ರತಿ ಸೆನ್ಸರಿಗೂ ತನ್ನದೇ ಆದ ಗುರುತಿನ ಸಂಖ್ಯೆಯಿದೆ. ಚಕ್ರಗಳ ಸ್ಥಾನ ಬದಲಾದರೆ ಕೆಲವು ಕಾರುಗಳು ತಾವೇ ತಿಳಿದುಕೊಳ್ಳುತ್ತವೆ. ಕೆಲವಕ್ಕೆ ಕಾರ್ಯಾಗಾರದ ಸಾಧನದಿಂದ ಕಲಿಸಬೇಕು, ಇಲ್ಲವಾದರೆ ಹಿಂದಿನ ಬಲ ಟೈರಿನ ಪಂಕ್ಚರನ್ನು ಮುಂದಿನದೆಂದು ತೋರಿಸುತ್ತವೆ. ನಷ್ಟ ಹೆಚ್ಚಾಗುವುದು ಅಂದಕ್ಕಾಗಿ ಹೊಸ ಅಲಾಯ್ ಚಕ್ರ ಹಾಕಿಸುವಲ್ಲಿ. ಹಳೆಯ ಚಕ್ರಗಳನ್ನು ವಿನಿಮಯಕ್ಕೆ ಕೊಡುವ ಭರದಲ್ಲಿ ಒಳಗಿನ ನಾಲ್ಕು ಸೆನ್ಸರುಗಳೂ ಹೋಗಿಬಿಡುತ್ತವೆ. ಅವು ಸುಸ್ಥಿತಿಯಲ್ಲಿದ್ದರೆ ಬಿಚ್ಚಿಸಿ ಹೊಸ ಚಕ್ರಕ್ಕೆ ಹಾಕಿಸಬಹುದು. ಬ್ಯಾಟರಿ ಮುಗಿದಿದ್ದರೆ ಸಾಮಾನ್ಯವಾಗಿ ಇಡೀ ಸೆನ್ಸರನ್ನೇ ಬದಲಿಸಬೇಕಾಗುತ್ತದೆ. ಒಳಗೆ ಸೆನ್ಸರಿದೆ ಎಂದು ಟೈರು ಬಿಚ್ಚುವವನಿಗೆ ಮೊದಲೇ ತಿಳಿಸುವುದು ಲೇಸು. ಸಲಾಕೆ ತಗುಲಿ ಮುರಿಯುವುದುಂಟು. ಹೊರಗಿನಿಂದ ಕೊಂಡು ವಾಲ್ವ್ ಮುಚ್ಚಳದ ಜಾಗದಲ್ಲಿ ಕೂರಿಸುವ ಸೆನ್ಸರುಗಳಾದರೆ ಕೆಲಸ ಸುಲಭ, ಅವುಗಳನ್ನು ತಿರುಗಿಸಿ ತೆಗೆದು ಗುರುತಿನ ಪ್ರಕಾರ ಆಯಾ ಮೂಲೆಗೆ ಮರಳಿ ಹಾಕಿದರಾಯಿತು.

ದೀಪದ ಭಾಷೆಯನ್ನೂ ಅರಿಯಬೇಕು. ಸ್ಥಿರವಾಗಿ ಉರಿದರೆ ಗಾಳಿ ಕಡಿಮೆ ಎಂದರ್ಥ. ಒಂದು, ಒಂದೂವರೆ ನಿಮಿಷ ಮಿನುಗಿ ಬಳಿಕ ಸ್ಥಿರವಾದರೆ ವ್ಯವಸ್ಥೆಯಲ್ಲೇ ದೋಷ. ನೇರ ಬಗೆಯ ಕಾರಿಗೆ ಸೆನ್ಸರಿಲ್ಲದ ಸ್ಟೆಪ್ನಿ ಹಾಕಿದಾಗ ಹೀಗಾಗುವುದು ನಿರೀಕ್ಷಿತವೇ. ಆಗ ಗುಂಡಿ ಒತ್ತಿ ಪ್ರಯೋಜನವಿಲ್ಲ; ಮೂಲ ಚಕ್ರ ಮರಳಬೇಕು.

ಲೆಕ್ಕಪತ್ರದ ದೃಷ್ಟಿಯಿಂದ ಒಂದು ಮಾತು. ಸಂಸ್ಥೆಯ ಸ್ವಂತ ಓಡಾಟದ ಕಾರಿನ ರಿಪೇರಿ ಮತ್ತು ನಿರ್ವಹಣೆಯ ಸೇವೆಗೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ದೊರೆಯದು. ಸರಕು ಸಾಗಿಸುವ ವಾಹನಕ್ಕೆ ಆ ನಿರ್ಬಂಧವಿಲ್ಲ. ಒಂದೇ ಅಂಗಡಿಯಲ್ಲಿ ಎರಡೂ ವಾಹನಗಳ ಕೆಲಸ ಮಾಡಿಸುವವರು ಬಿಲ್ಲುಗಳನ್ನು ವಾಹನದ ನೋಂದಣಿ ಸಂಖ್ಯೆಯೊಡನೆ ಬೇರೆಬೇರೆಯಾಗಿ ಪಡೆಯತಕ್ಕದ್ದು. ಚಾಲಕರನ್ನಿಟ್ಟಿರುವ ಸಂಸ್ಥೆಗಳು ವಾಹನದ ಲಾಗ್ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಿಕೊಳ್ಳಬಹುದು: ಚಕ್ರ ಬದಲಿಸಿದ ದಿನಾಂಕ, ಗುಂಡಿ ಒತ್ತುವ ಮುನ್ನ ನಾಲ್ಕೂ ಟೈರುಗಳಲ್ಲಿದ್ದ ಒತ್ತಡ, ಒತ್ತಿದವರ ಸಹಿ.