ದೇಹಪರೀಕ್ಷೆಯ ಅಂಕಗಳು: ಅವುಗಳ ಅರ್ಥ ಮತ್ತು ಮಿತಿ

ಬೆಳಗಾವಿ, ಧಾರವಾಡಗಳ ಕಡೆಯಿಂದ ಹೆದ್ದಾರಿಯಲ್ಲಿ ಬರುವ ನಮ್ಮವರಿಗೆ ಪುಣೆಯ ದಕ್ಷಿಣದ ಬಾಗಿಲು ಕಾತ್ರಜ. ಆ ಬಾಗಿಲನ್ನು ದಾಟಿ ಬಂದು ಇಲ್ಲಿ ನೆಲಸಿದ ಕನ್ನಡಿಗರಲ್ಲಿ ಅನೇಕರದು ಇಂದು ಕುಳಿತು ಮಾಡುವ ಕೆಲಸ. ವ್ಯಾಯಾಮಶಾಲೆಗಳಲ್ಲಿಯೂ ಕಛೇರಿಗಳ ಆರೋಗ್ಯ ತಪಾಸಣೆಗಳಲ್ಲಿಯೂ ಅವರ ಕೈಗೆ ಒಂದು ಕಾಗದ ಬರುವುದುಂಟು: ತೂಕ, ಬಿ.ಎಂ.ಐ., ಶೇಕಡಾ ಕೊಬ್ಬು, ಸ್ನಾಯುಪ್ರಮಾಣ, ನಾಡಿಯ ಗತಿ. ಅಂಕದ ಮುಂದೆ ಹಸುರು ಬಣ್ಣವಿದ್ದರೆ ಕಾಗದವನ್ನು ಮಡಿಸಿಟ್ಟು ನಿಶ್ಚಿಂತರಾಗುವುದು, ಕೆಂಪಿದ್ದರೆ ಗಾಬರಿಗೊಳ್ಳುವುದು ರೂಢಿಯಾಗಿದೆ. ಇವೆರಡರಲ್ಲಿ ಮೊದಲನೆಯದೇ ನಮ್ಮಂಥವರಿಗೆ ಹೆಚ್ಚು ಅಪಾಯಕರವೆಂದು ಎಣಿಸಲು ಕಾರಣವಾದ ಸಂಶೋಧನೆ ಇದೇ ಊರಿನಲ್ಲಿ ನಡೆದುದಾಗಿದೆ.

ತೂಕದ ಕಿಲೋಗ್ರಾಂಗಳನ್ನು ಎತ್ತರದ ಮೀಟರುಗಳ ವರ್ಗದಿಂದ ಭಾಗಿಸಿದರೆ ದೊರೆಯುವ ಅಂಕವೇ ಬಿ.ಎಂ.ಐ. ಇದರ ಮೂಲ 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಗಣಿತಜ್ಞ ಕೆಟಲೆ ಮಾಡಿದ ಲೆಕ್ಕ. ಆತನು ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ರೋಗಿಯನ್ನಲ್ಲ. ಇಂದಿನ ಹೆಸರನ್ನು ಅದಕ್ಕೆ ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ತಕ್ಕಡಿಗೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ. ಆದುದರಿಂದ ಈ ಅಂಕವು ದೇಹದ ಭಾರವನ್ನು ಹೇಳೀತೇ ಹೊರತು ಆ ಭಾರವು ಯಾವುದರದೆಂಬುದನ್ನು ಹೇಳಲಾರದು.

ಈ ಮಾತಿಗೆ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟದ ಬರಹಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮ ದೇಹಗಳನ್ನೇ ಅಳೆಯಿಸಿಕೊಂಡರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2! ತೆಳ್ಳಗೆ ಕಾಣುವ ಭಾರತೀಯನಲ್ಲಿ ಕೊಬ್ಬು ಹೀಗೆ ಅಡಗಿರುವುದು ಬರಿಯ ನಗರಜೀವನದ ಫಲವೆನ್ನುವಂತಿಲ್ಲ. ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ 1993ರಿಂದ ನಡೆದ ಅಧ್ಯಯನದಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದಾಗ ಸರಾಸರಿ ಜನನತೂಕ ಇಲ್ಲಿ 2.7 ಕಿಲೋ, ಅಲ್ಲಿ 3.5 ಕಿಲೋ. ನಮ್ಮ ಕೂಸುಗಳಲ್ಲಿ ಎಲ್ಲ ಅಳತೆಗಳೂ ಕಿರಿದಾಗಿದ್ದರೂ ಹೆಗಲೆಲುಬಿನ ಕೆಳಗೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಬಡಕಲು ಕೂಸು, ಒಳಗೆ ಕೊಬ್ಬು! ಮುಂದೆ ಸಕ್ಕರೆ ಕಾಯಿಲೆಗೆ ಎಡೆಗೊಡುವ ದೇಹಪ್ರಕೃತಿಯ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆಂದು ಯಾಜ್ಞಿಕರು ವಾದಿಸಿದರು.

ಈ ಕಾರಣದಿಂದಲೇ ಯುರೋಪಿನವರ ಮೇರೆ ನಮಗೆ ಸಲ್ಲದು. ಭಾರತೀಯ ತಜ್ಞರು 2009ರಲ್ಲಿ ಬಿ.ಎಂ.ಐ. 23ನ್ನು ಮುಟ್ಟಿದರೆ ಅಧಿಕ ತೂಕ, 25ನ್ನು ಮುಟ್ಟಿದರೆ ಸ್ಥೂಲತೆ ಎಂದು ಗೊತ್ತುಪಡಿಸಿದರು. ಸೊಂಟದ ಸುತ್ತಳತೆಯ ಮೇರೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. 165 ಸೆಂಟಿಮೀಟರ್ ಎತ್ತರದವರಿಗೆ 23ರ ಮೇರೆಯೆಂದರೆ ಸುಮಾರು 62.6 ಕಿಲೋ, 25ರ ಮೇರೆಯೆಂದರೆ 68 ಕಿಲೋ. ನಡುವಣ ಐದೂವರೆ ಕಿಲೋಗಳಲ್ಲಿ ಇರುವವರಿಗೆ, ಯಂತ್ರದಲ್ಲಿ ಪಾಶ್ಚಾತ್ಯ ಮೇರೆಯನ್ನೇ ತುಂಬಿದ್ದರೆ, ಕಾಗದ ಹಸುರನ್ನೇ ತೋರಿಸುತ್ತದೆ. ಬೆಲೆಬಾಳುವ ಯಂತ್ರಕ್ಕಿಂತ ಸಿಂಪಿಗನ ಟೇಪು ಎಷ್ಟೋ ವೇಳೆ ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ಅಭಿಪ್ರಾಯ.

ಶೇಕಡಾ ಕೊಬ್ಬಿನ ಅಂಕ ಬರುವ ಬಗೆಯನ್ನೂ ತಿಳಿದಿರಬೇಕು. ಬದುಕಿರುವ ಮನುಷ್ಯನ ಕೊಬ್ಬನ್ನು ಬೇರ್ಪಡಿಸಿ ತೂಗಿದವರಿಲ್ಲ, ಎಲ್ಲವೂ ಅನುಮಾನಪ್ರಮಾಣ. ಹಳೆಯ ವಿಧಾನದಲ್ಲಿ ಮನುಷ್ಯನನ್ನು ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆಯನ್ನು ಕಂಡುಕೊಳ್ಳುತ್ತಿದ್ದರು. ಕೊಬ್ಬಿನ ಸಾಂದ್ರತೆ 0.9, ಉಳಿದುದರದು 1.1 ಎಂದು ಹಿಡಿದರೆ, 495ನ್ನು ದೇಹದ ಸಾಂದ್ರತೆಯಿಂದ ಭಾಗಿಸಿ 450ನ್ನು ಕಳೆದಾಗ ಶೇಕಡಾ ಕೊಬ್ಬು ದೊರೆಯುತ್ತದೆ: ಸಾಂದ್ರತೆ 1.05 ಆದರೆ ಕೊಬ್ಬು ಶೇಕಡಾ 21.4. ಈಗ ಬಳಕೆಯಲ್ಲಿರುವ ಪಾದಪೀಠದಂಥ ಯಂತ್ರವು ದೇಹದಲ್ಲಿ ಅತಿಕ್ಷೀಣವಾದ ವಿದ್ಯುತ್ತನ್ನು ಹರಿಸಿ ಅದಕ್ಕಾಗುವ ತಡೆಯನ್ನಷ್ಟೇ ಅಳೆಯುತ್ತದೆ. ನೀರು ತುಂಬಿದ ಸ್ನಾಯುವಿನಲ್ಲಿ ತಡೆ ಕಡಿಮೆ, ಕೊಬ್ಬಿನಲ್ಲಿ ಹೆಚ್ಚು. ಉಳಿದುದೆಲ್ಲ ವಯಸ್ಸು, ಎತ್ತರ, ತೂಕಗಳನ್ನು ಸೇರಿಸಿ ಹಾಕಿದ ಗಣಿತ. ಬೆವರಿ ನೀರಡಿಸಿದವನು ಯಂತ್ರವನ್ನೇರಿದರೆ ಇಲ್ಲದ ಕೊಬ್ಬನ್ನು ಅದು ಕಾಣಬಹುದು. ಪರೀಕ್ಷೆಯನ್ನು ಬೆಳಗ್ಗೆ ಉಪಾಹಾರಕ್ಕೆ ಮುಂಚೆ, ಅದೇ ಯಂತ್ರದಲ್ಲಿ, ಕೆಲವು ತಿಂಗಳ ಅಂತರದಲ್ಲಿ ಮಾಡಿಸಿ ತನ್ನ ಅಂಕವನ್ನು ತನ್ನದರೊಡನೆಯೇ ಹೋಲಿಸಿಕೊಂಡರೆ ಅರ್ಥವುಂಟು. ಕಾಗದದ ಕೊನೆಯಲ್ಲಿ ಮುದ್ರಿಸುವ ‘ದೇಹದ ವಯಸ್ಸು’ ಮಾತ್ರ ಯಂತ್ರ ತಯಾರಕರ ಕಲ್ಪನೆ; ಅದನ್ನು ಬಿಟ್ಟುಬಿಡಬಹುದು.

ಇನ್ನು ದೇಹದಾರ್ಢ್ಯದ ಅಂಕ. 1968ರಲ್ಲಿ ಅಮೆರಿಕದ ವೈದ್ಯ ಕೂಪರ್ ಸೂಚಿಸಿದ ಪರೀಕ್ಷೆ ಸರಳವಾದುದು: 12 ನಿಮಿಷಗಳಲ್ಲಿ ಓಡಿದ ಮೀಟರುಗಳಿಂದ 504.9ನ್ನು ಕಳೆದು 44.73ರಿಂದ ಭಾಗಿಸುವುದು. 2000 ಮೀಟರಿಗೆ ಬರುವ 33.4 ಎಂಬುದು ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷವೊಂದಕ್ಕೆ ಬಳಸಬಲ್ಲ ಆಮ್ಲಜನಕದ ಮಿಲಿಲೀಟರುಗಳ ಅಂದಾಜು. ‘ಪ್ರತಿ ಕಿಲೋ’ ಎಂಬ ಮಾತನ್ನು ಮರೆಯಬಾರದು. ನಿಮಿಷಕ್ಕೆ 2310 ಮಿಲಿಲೀಟರ್ ಬಳಸುವ 70 ಕಿಲೋದವನ ಅಂಕ 33. ಹೃದಯವೂ ಶ್ವಾಸಕೋಶವೂ ಇದ್ದಂತೆಯೇ ಇದ್ದು ಕೊಬ್ಬು ಮಾತ್ರ 7 ಕಿಲೋ ಇಳಿದರೆ ಅಂಕ 36.7ಕ್ಕೆ ಏರುತ್ತದೆ. ತೂಕದ ಕಾಗದವನ್ನೂ ಓಟದ ಕಾಗದವನ್ನೂ ಜೊತೆಯಲ್ಲಿಟ್ಟು ಓದದೆ ಯಾವುದು ಸುಧಾರಿಸಿತೆಂಬುದು ತಿಳಿಯದು. ಅಭ್ಯಾಸವಿಲ್ಲದ ನಡುವಯಸ್ಕರು ವೈದ್ಯರನ್ನು ಕೇಳದೆ ಈ ಓಟಕ್ಕೆ ಇಳಿಯಕೂಡದು. ಅಲ್ಲದೆ ಕೂಪರರ ಸೂತ್ರವು ಸಮತಟ್ಟಾದ ನೆಲಕ್ಕೆ ಸಂಬಂಧಿಸಿದುದು. ಕಾತ್ರಜ ಘಟ್ಟದ ಏರುದಾರಿಯಲ್ಲಿ ಓಡಿದ ಮೀಟರುಗಳನ್ನು ಅದಕ್ಕೆ ತುಂಬಿದರೆ ಗಟ್ಟಿಮುಟ್ಟಾದ ಆಳೂ ದುರ್ಬಲನೆನಿಸುವನು.